ಹೋದ ಗ್ಯಾಸ್ ಎಲ್ಲಿಗೆ ಹೋಯಿತು?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಫ್ರಿಯಾನ್-12 ಬಗ್ಗೆ ನಾವೆಲ್ಲ ಓದುತ್ತೇವೆ. ಪರೀಕ್ಷೆಗೆ ಸ್ವಾರ್ಟ್ಸ್ ಕ್ರಿಯೆ ಬರೆದರೆ ಅಂಕ ಸಿಗುತ್ತದೆ. ಆದರೆ ಅದನ್ನು ಫ್ರಿಜ್ಜಿಗೆ ತಂದ ಥಾಮಸ್ ಮಿಡ್‌ಗ್ಲಿ ಅವರ ಬದುಕು ನನಗೆ ಪಾಠಕ್ಕಿಂತ ದೊಡ್ಡದಾಗಿ ಕಂಡಿತು.

ಮಿಡ್‌ಗ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೆಸರು ಮಾಡಿದ್ದು ರಸಾಯನಶಾಸ್ತ್ರದಲ್ಲಿ. 1921ರಲ್ಲಿ ಎಂಜಿನ್ ಬಡಿತ ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡುಹಿಡಿದರು. ಆ ಸೀಸದ ವಿಷ ಅವರನ್ನೇ ಕಾಯಿಲೆಗೆ ತಳ್ಳಿತು.

ಆ ಕಾಲದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿದ್ದವು. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. 1928ರಲ್ಲಿ ಮಿಡ್‌ಗ್ಲಿ ಮತ್ತು ಸಂಗಡಿಗರು ವಿಷವಲ್ಲದ, ಬೆಂಕಿ ಹಿಡಿಯದ ಫ್ರಿಯಾನ್ ತಯಾರಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯ ಮುಂದೆ ಅದನ್ನು ತಾವೇ ಉಸಿರಾಡಿ, ಮೇಣದ ಬತ್ತಿಯ ಮೇಲೆ ಊದಿ ಆರಿಸಿದರು. ಎದುರಿಗಿದ್ದವರಿಗೆ ಅಷ್ಟು ಸಾಕ್ಷಿ ಸಾಕಾಯಿತು.

1940ರಲ್ಲಿ ಪೋಲಿಯೊ ಬಂದು ಅವರು ಹಾಸಿಗೆ ಹಿಡಿದರು. ಮೇಲೇಳಲು ಹಗ್ಗ, ರಾಟೆಗಳ ವ್ಯವಸ್ಥೆ ಮಾಡಿಕೊಂಡರು. 1944ರಲ್ಲಿ ಅದೇ ಹಗ್ಗಕ್ಕೆ ಸಿಲುಕಿ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಫ್ರಿಯಾನ್ ಓಝೋನ್ ಪದರವನ್ನು ನಾಶ ಮಾಡಬಲ್ಲದೆಂದು ವಿಜ್ಞಾನಿಗಳು ಹೇಳಿದ್ದು 1974ರಲ್ಲಿ. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಝೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಸೂಪರ್ ಮಾರ್ಕೆಟ್‌ಗಳಲ್ಲಿ ಬಳಸುವ ಆರ್-404ಎ ಒಂದು ಕಿಲೋ ಸೋರಿದರೆ, 100 ವರ್ಷಗಳ ಲೆಕ್ಕದಲ್ಲಿ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ.

ದೊಡ್ಡ ಅಂಗಡಿಯಲ್ಲಿ ಕಂಪ್ರೆಸರ್ ಹಿಂಬದಿಯ ಕೋಣೆಯಲ್ಲಿ, ಹಾಲು, ಐಸ್‌ಕ್ರೀಮ್ ಇಡುವ ಪೆಟ್ಟಿಗೆಗಳು ಮುಂದೆ. ನಡುವೆ ಉದ್ದನೆಯ ಪೈಪು, ಅದರ ತುಂಬ ಬೆಸುಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ, ಅಲ್ಲಿನ ಸಾಮಾನ್ಯ ಸೂಪರ್ ಮಾರ್ಕೆಟ್‌ನ ಗ್ಯಾಸಿನಲ್ಲಿ ಸುಮಾರು ಕಾಲು ಭಾಗ ವರ್ಷಕ್ಕೆ ಸೋರಿಹೋಗುತ್ತದೆ.

ಪರಿಹಾರಗಳಿವೆ. ಸೋರಿಕೆಯನ್ನು ಬೇಗ ಪತ್ತೆಹಚ್ಚಿ ಮುಚ್ಚುವುದು, ತೆರೆದ ಪೆಟ್ಟಿಗೆಗಳಿಗೆ ಗಾಜಿನ ಬಾಗಿಲು ಹಾಕಿ ಚಿಕ್ಕ ಯಂತ್ರದಲ್ಲೇ ಕೆಲಸ ಮುಗಿಸುವುದು, ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳುವುದು. ಯುರೋಪಿನ ಸಾವಿರಾರು ಅಂಗಡಿಗಳು ಈಗ ಇಂಗಾಲದ ಡೈಆಕ್ಸೈಡನ್ನೇ ತಂಪುಕಾರಕವಾಗಿ ಬಳಸುತ್ತಿವೆ. 2016ರ ಕಿಗಾಲಿ ತಿದ್ದುಪಡಿಯಂತೆ ಭಾರತವೂ 2032ರಿಂದ ಎಚ್‌ಎಫ್‌ಸಿ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕು. ಆ ಹೊತ್ತಿಗೆ ಈ ಯಂತ್ರಗಳನ್ನು ರೂಪಿಸುವವರು, ರಿಪೇರಿ ಮಾಡುವವರು ನಮ್ಮ ತರಗತಿಗಳಿಂದಲೇ ಹೋದವರಾಗಿರಬಹುದು.

ಮಿಡ್‌ಗ್ಲಿ ಅವರನ್ನು ಖಳನಾಯಕ ಎನ್ನಲು ನನಗೆ ಮನಸ್ಸಿಲ್ಲ. ಮನೆಯೊಳಗಿನ ಸಾವನ್ನು ತಪ್ಪಿಸಲು ಅವರು ದುಡಿದರು. ಆದರೆ ಅವರ ಪರೀಕ್ಷೆ ಆ ಕೋಣೆಯ ಗೋಡೆಗೇ ಮುಗಿಯಿತು. ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸ್ ಹೋಗಿದೆ, ತುಂಬಿಸಬೇಕು ಎನ್ನುತ್ತೇವೆ. ಗೆಳೆಯರೇ, ಹೋದದ್ದು ಎಲ್ಲಿಗೆ ಎಂದೂ ಇನ್ನು ಮೇಲೆ ಕೇಳೋಣ.