ಬೆಳ್ಳಾವೆ ವೆಂಕಟನಾರಣಪ್ಪನವರು

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಕಬ್ಬಿನ ಗದ್ದೆಗಳಲ್ಲಿ ಗೊಬ್ಬರದ ಮಾತು ಬಂದಾಗಲೆಲ್ಲ ಮೂರು ಹೆಸರುಗಳು ಕೇಳಿಬರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್. ಬೆಳೆಗೆ ಬೇಕಾದ ಮುಖ್ಯ ಪೋಷಕಗಳು ಇವು. ಶಾಲೆಯ ಮಕ್ಕಳು ಆಮ್ಲಜನಕ, ಜಲಜನಕ, ಇಂಗಾಲ ಎಂಬ ಮಾತುಗಳನ್ನು ಅನಾಯಾಸವಾಗಿ ಆಡುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಿತಿ ಹೀಗಿರಲಿಲ್ಲ. ಕಾಲೇಜುಗಳಲ್ಲಿ ವಿಜ್ಞಾನದ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕನ್ನಡ ಕಾವ್ಯಕ್ಕೆ ಸರಿ, ಶಾಸ್ತ್ರಕ್ಕೆ ಸಾಲದು ಎಂದು ಭಾವಿಸಿದ ವಿದ್ಯಾವಂತರಿಗೆ ಕೊರತೆಯಿರಲಿಲ್ಲ. ಆ ಭಾವನೆ ತಪ್ಪೆಂದು ದುಡಿದು ತೋರಿಸಿದ ಹಿರಿಯರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮುಖ್ಯರು.

ವೆಂಕಟನಾರಣಪ್ಪನವರು ಜನಿಸಿದ್ದು 1872ರಲ್ಲಿ. ತುಮಕೂರು ಜಿಲ್ಲೆಯ ಬೆಳ್ಳಾವೆ ಅವರ ಊರು. ಭೌತವಿಜ್ಞಾನದಲ್ಲಿ ಎಂ.ಎ. ಪದವಿಯನ್ನು ಪಡೆದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಶಿಸ್ತಿಗೆ ಅವರು ಹೆಸರಾಗಿದ್ದರು. ವೃತ್ತಿಯಿಂದ ದೊರೆತ ಗೌರವದಲ್ಲಿ ತೃಪ್ತರಾಗಿ ಅವರು ಸುಮ್ಮನಿರಬಹುದಾಗಿತ್ತು. ಆದರೆ ತರಗತಿಯಲ್ಲಿ ಕುಳಿತ ಕೆಲವೇ ವಿದ್ಯಾರ್ಥಿಗಳಿಗೆ ತಿಳಿದ ವಿಷಯ ತರಗತಿಯ ಹೊರಗಿನ ನಾಡಿಗೂ ತಿಳಿಯಬೇಕೆಂಬ ಹಂಬಲ ಅವರಲ್ಲಿತ್ತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ ಅದಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರು. ಮುಂದೆ ಅದರ ಕಾರ್ಯದರ್ಶಿಯಾಗಿಯೂ ಸೇವೆ ಸಲ್ಲಿಸಿದರು.

ಇದೇ ಕಾಲದಲ್ಲಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಇದರ ಆಶ್ರಯದಲ್ಲಿ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ವಿಜ್ಞಾನಕ್ಕಾಗಿಯೇ ಮೀಸಲಾಗಿದ್ದ ಮೊದಲ ಕನ್ನಡ ಮಾಸಪತ್ರಿಕೆ ಅದು.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದು. ಗಾಳಿಯನ್ನು ಕುರಿತು ಬರೆಯಬೇಕಾದರೆ ಗಾಳಿಯಲ್ಲಿರುವ ಅನಿಲಗಳನ್ನು ಹೆಸರಿಟ್ಟು ಕರೆಯಬೇಕು. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ, ಪಾದರಸ, ಗಂಧಕ ಮುಂತಾದವು ಬಹಳ ಹಿಂದಿನಿಂದ ಜನರಿಗೆ ಗೊತ್ತಿದ್ದ ಪದಾರ್ಥಗಳು. ಅವುಗಳ ಹೆಸರಿಗಾಗಿ ಎಲ್ಲಿಯೂ ಹುಡುಕಬೇಕಾಗಿರಲಿಲ್ಲ. ಕೆಲವು ಹಳೆಯ ಮಾತುಗಳಿಗೆ ಹೊಸ ಕೆಲಸವನ್ನು ವಹಿಸಬಹುದಾಗಿತ್ತು. ಕಾರ್ಬನ್ ಎಂಬುದರ ಮೂಲ ಇದ್ದಲು ಎಂಬ ಅರ್ಥದ ಲ್ಯಾಟಿನ್ ಪದ. ಕನ್ನಡದಲ್ಲಿ ಕೆಂಡವನ್ನೂ ಇದ್ದಲನ್ನೂ ಸೂಚಿಸುತ್ತಿದ್ದ ಇಂಗಾಲ ಎಂಬ ಮಾತೇ ಆ ಧಾತುವಿನ ಹೆಸರಾಯಿತು.

ಇನ್ನು ಕೆಲವು ಹೆಸರುಗಳನ್ನು ಹೊಸದಾಗಿ ಕಟ್ಟಬೇಕಾಗಿತ್ತು. ಆಮ್ಲಜನಕವೆಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೇ, ಉರಿಯಲು ನೆರವಾಗುವ ಅನಿಲವೊಂದನ್ನು ಪರೀಕ್ಷಿಸಿ, ಎಲ್ಲ ಆಮ್ಲಗಳಲ್ಲಿಯೂ ಅದು ಇರಲೇಬೇಕೆಂದು ತೀರ್ಮಾನಿಸಿದನು. ಆಮ್ಲವನ್ನು ಹುಟ್ಟಿಸುವುದು ಎಂಬರ್ಥ ಬರುವಂತೆ ಗ್ರೀಕ್ ಮಾತುಗಳಿಂದ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟನು. ನೀರನ್ನು ಹುಟ್ಟಿಸುವ ಅನಿಲ ಹೈಡ್ರೊಜನ್ ಆಯಿತು. ಈ ಅರ್ಥಗಳನ್ನೇ ಅನುಸರಿಸಿ ಆಮ್ಲಜನಕ, ಜಲಜನಕ ಎಂಬ ಹೆಸರುಗಳು ಬಂದವು. ಲವಾಸಿಯೇ 1794ರಲ್ಲಿ ಕ್ರಾಂತಿಕಾರಿಗಳಿಂದ ಶಿರಚ್ಛೇದಕ್ಕೆ ಗುರಿಯಾದನು. ಆತನ ತೀರ್ಮಾನವೂ ಪೂರ್ತಿಯಾಗಿ ನಿಲ್ಲಲಿಲ್ಲ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲವೆಂಬುದನ್ನು ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ತೋರಿಸಿದನು. ಆದರೂ ಆ ಹೆಸರು ಬದಲಾಗಲಿಲ್ಲ. ಹೆಸರು ನಿಲ್ಲುವುದು ಅದರ ಅರ್ಥ ನಿರ್ದುಷ್ಟವಾಗಿದೆಯೆಂಬ ಕಾರಣದಿಂದ ಮಾತ್ರವಲ್ಲ, ಜನರು ಅದನ್ನು ಬಳಸುವುದರಿಂದ.

ಎಲ್ಲ ಹೆಸರುಗಳನ್ನೂ ಕನ್ನಡಿಸಬೇಕೆಂಬ ಹಟವನ್ನು ಭಾಷೆ ಹಿಡಿಯಲಿಲ್ಲ. ಬೂದಿಯಿಂದ ತೆಗೆಯುತ್ತಿದ್ದ ಪೊಟ್ಯಾಷಿನಿಂದ ಡೇವಿ 1807ರಲ್ಲಿ ಬೇರ್ಪಡಿಸಿದ ಲೋಹ ಪೊಟ್ಯಾಸಿಯಂ ಎಂದೇ ಕನ್ನಡಕ್ಕೆ ಬಂದಿತು. 1817ರಲ್ಲಿ ಸ್ವೀಡನ್ನಿನಲ್ಲಿ ಒಂದು ಶಿಲೆಯೊಳಗೆ ಕಂಡುಬಂದ ಧಾತುವಿಗೆ, ಕಲ್ಲು ಎಂಬ ಅರ್ಥದ ಗ್ರೀಕ್ ಮಾತಿನಿಂದ ಲಿಥಿಯಂ ಎಂಬ ಹೆಸರು ಬಂದಿತು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಕಲ್ಲುಗಳಲ್ಲಿ ಅದೇ ಧಾತು ಇರುವುದನ್ನು, ಅದರ ಪ್ರಮಾಣ ಸುಮಾರು 1,600 ಟನ್ ಎಂಬ ಪ್ರಾಥಮಿಕ ಅಂದಾಜಿನೊಡನೆ, ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಆಗ ಕನ್ನಡ ಪತ್ರಿಕೆಗಳು ಲಿಥಿಯಂ ಎಂದೇ ಬರೆದವು. ಇದ್ದುದನ್ನು ಉಳಿಸಿಕೊಳ್ಳುವುದು, ಇಲ್ಲದುದನ್ನು ಕಟ್ಟುವುದು, ಬೇಕಾದುದನ್ನು ಸ್ವೀಕರಿಸುವುದು: ಈ ಮೂರು ದಾರಿಗಳಲ್ಲಿಯೂ ನಡೆದು ಕನ್ನಡ ವಿಜ್ಞಾನದ ಭಾಷೆಯಾಗಿ ಬೆಳೆಯಿತು. ಇದು ಒಬ್ಬರ ಕೆಲಸವಲ್ಲ. ಅನೇಕರು ಕೂಡಿ ಮಾಡಿದ ಕೆಲಸ. ಆ ಅನೇಕರಿಗೆ ಬರೆಯುವ ಅವಕಾಶವನ್ನು ‘ವಿಜ್ಞಾನ’ ಪತ್ರಿಕೆ ಒದಗಿಸಿತು.

ಎರಡು ವರ್ಷಗಳ ಕಾಲ ನಡೆದು ಆ ಪತ್ರಿಕೆ ನಿಂತುಹೋಯಿತು. ಇಂಥ ಪ್ರಯತ್ನ ಅರ್ಧದಲ್ಲಿ ನಿಂತಾಗ, ಹಿಂದಿನಿಂದಲೂ ಅನುಮಾನಿಸುತ್ತಿದ್ದವರ ಮಾತಿಗೆ ಬಲ ಬರುವುದು ಸಹಜ. ಆದರೆ ವೆಂಕಟನಾರಣಪ್ಪನವರು ಕೈಚೆಲ್ಲಿ ಕೂರಲಿಲ್ಲ. ಹೊಸ ಮಾತುಗಳನ್ನು ಕಟ್ಟಬೇಕಾದರೆ ಹಳೆಯ ಭಾಷೆಯ ಬಲವನ್ನು ಅರಿತಿರಬೇಕು. ಆ ಅರಿವು ಅವರಿಗೆ ಧಾರಾಳವಾಗಿತ್ತು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು ಹತ್ತನೆಯ ಶತಮಾನದ ಪಂಪಭಾರತದ ಸಂಪಾದನೆಯಲ್ಲಿ ತೊಡಗಿದರು. ಪರಿಷತ್ತು ಆ ಗ್ರಂಥವನ್ನು 1931ರಲ್ಲಿ ಪ್ರಕಟಿಸಿತು. ಪ್ರಯೋಗಶಾಲೆಯಲ್ಲಿ ಅಳತೆಗೆ ಸಲ್ಲುವ ಎಚ್ಚರ ಪ್ರಾಚೀನ ಕಾವ್ಯದ ಪಾಠನಿರ್ಣಯಕ್ಕೂ ಸಲ್ಲಬೇಕಷ್ಟೆ. ಒಂದೇ ಮನಸ್ಸು ಎರಡೂ ಕಡೆ ದುಡಿಯಿತು.

1937ರಲ್ಲಿ ಜಮಖಂಡಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟನಾರಣಪ್ಪನವರು ಅಧ್ಯಕ್ಷರಾದರು. ವಿಜ್ಞಾನದ ಅಧ್ಯಾಪಕರೊಬ್ಬರನ್ನು ಸಾಹಿತ್ಯದ ಪೀಠದಲ್ಲಿ ಕೂರಿಸಿ ನಾಡು ಗೌರವಿಸಿತು. ಆ ಗೌರವದ ಬಳಿಕವೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ತಾವು ಕಲಿಸಿದ ವಿಷಯ ಭೌತವಿಜ್ಞಾನವಾದರೂ, ಜೀವಿಗಳ ಲೋಕವನ್ನು ಕನ್ನಡಿಗರಿಗೆ ಪರಿಚಯಿಸಲೆಂದು ‘ಜೀವವಿಜ್ಞಾನ’ವೆಂಬ ದೊಡ್ಡ ಗ್ರಂಥವನ್ನು ಬರೆದರು. 1939ರಲ್ಲಿ ಅದು ಪ್ರಕಟವಾದಾಗ ಅವರಿಗೆ ಅರವತ್ತೇಳು ವರ್ಷ. ‘ವಿಜ್ಞಾನ’ ನಿಂತು ಸುಮಾರು ಎರಡು ದಶಕಗಳಾಗಿದ್ದರೂ ಅದರ ಉದ್ದೇಶ ಅವರಲ್ಲಿ ಮಾಸಿರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನೆಯ ಹೊಣೆಯನ್ನೂ ಅವರು ಹೊತ್ತಿದ್ದರು. ಒಂದೊಂದು ಇಂಗ್ಲಿಷ್ ಪದಕ್ಕೂ ತಕ್ಕ ಕನ್ನಡ ಪದವನ್ನು ಹುಡುಕಿ, ತೂಗಿ, ಇಲ್ಲವಾದರೆ ರಚಿಸಿ ಇಡುವ ಕೆಲಸ ಅದು. ಜೀವಮಾನವೆಲ್ಲ ಮಾತುಗಳಿಗಾಗಿ ಶ್ರಮಿಸಿದ ಅವರಿಗೆ ಅದಕ್ಕಿಂತ ಒಪ್ಪುವ ಕೆಲಸ ಬೇರೊಂದಿರಲಿಲ್ಲ. ಆದರೆ ಅದು ಅಚ್ಚಾಗಿ ಹೊರಬಂದುದನ್ನು ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. 1943ರಲ್ಲಿ ಅವರು ತೀರಿಕೊಂಡರು. ನಿಘಂಟು ಪ್ರಕಟವಾದುದು 1946ರಲ್ಲಿ.

ಅನಂತರದ ವರ್ಷಗಳಲ್ಲಿ ಕನ್ನಡದಲ್ಲಿ ವಿಜ್ಞಾನದ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಕೋಶಗಳೂ ಬಂದವು. ಹಳ್ಳಿಯ ಮಕ್ಕಳೂ ತಮ್ಮ ಭಾಷೆಯಲ್ಲಿಯೇ ರಸಾಯನವಿಜ್ಞಾನವನ್ನು ಕಲಿತರು. ಬಾವಿ ತೋಡುವವನು ತಾನು ಕುಡಿಯಲೆಂದು ಮಾತ್ರ ತೋಡುವುದಿಲ್ಲ. ಮುಂದೆ ಬರುವವರ ಬಾಯಾರಿಕೆಯನ್ನೂ ಎಣಿಸಿರುತ್ತಾನೆ. ವೆಂಕಟನಾರಣಪ್ಪನವರ ದುಡಿಮೆ ಅಂಥದು. ಅವರ ಪತ್ರಿಕೆ ನಿಂತರೂ ಅವರು ಹಿಡಿದ ಕೆಲಸ ನಿಲ್ಲಲಿಲ್ಲ.