ಟೇಲ್ಮನ್ ಮತ್ತು 221ರ ಲೆಕ್ಕ

ಹಿಟ್ಲರ್ ಬಗ್ಗೆ ನಮಗೆಲ್ಲ ಗೊತ್ತು. ಅವನನ್ನು ತಡೆಯುವ ಜಾಗದಲ್ಲಿ ಯಾರಿದ್ರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗ್ತೀವಿ. ಅಂಥವರಲ್ಲಿ ಒಬ್ಬ ಎರ್ನ್ಸ್ಟ್ ಟೇಲ್ಮನ್.

1886ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ. ಅಪ್ಪನ ಅಂಗಡಿ ಬೇಡ ಅಂತ ಮನೆ ಬಿಟ್ಟು ಬಂದರಿನಲ್ಲಿ ಕೂಲಿ ಮಾಡಿದ. 1903ರಲ್ಲಿ ಕಾರ್ಮಿಕರ ದೊಡ್ಡ ಪಕ್ಷವಾದ ಎಸ್‌ಪಿಡಿ, ಅಂದರೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ. ಆ ಯುದ್ಧಕ್ಕೆ ಬೆಂಬಲ ಕೊಟ್ಟಿದ್ದಕ್ಕೇ ಎಸ್‌ಪಿಡಿ ಒಡೆಯಿತು. ಯುದ್ಧ ಮುಗಿದ ಮೇಲೆ ಇನ್ನೂ ಕೆಟ್ಟದ್ದು ನಡೆಯಿತು. 1919ರ ಜನವರಿಯಲ್ಲಿ ಬರ್ಲಿನ್‌ನ ದಂಗೆ ಅಡಗಿಸೋಕೆ ಎಸ್‌ಪಿಡಿ ಸರ್ಕಾರ ಬಲಪಂಥೀಯ ಸಶಸ್ತ್ರ ಪಡೆಗಳನ್ನು ಬಳಸಿತು. ಅವರು ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್, ಕಾರ್ಲ್ ಲೀಬ್‌ನೆಕ್ಟ್ ಇಬ್ಬರನ್ನೂ ಕೊಂದರು. ಕಮ್ಯುನಿಸ್ಟರು ಇದನ್ನು ಮರೆಯಲೇ ಇಲ್ಲ. ಮರೆಯೋದು ಸುಲಭಾನೂ ಅಲ್ಲ ಬಿಡಿ.

1925ರಲ್ಲಿ ಟೇಲ್ಮನ್ ಕಮ್ಯುನಿಸ್ಟ್ ಪಕ್ಷವಾದ ಕೆಪಿಡಿಯ ಅಧ್ಯಕ್ಷನಾದ. ಅದೇ ವರ್ಷ ರಾಷ್ಟ್ರಾಧ್ಯಕ್ಷ ಚುನಾವಣೆಗೂ ನಿಂತ. ಗೆದ್ದಿದ್ದು ಹಳೇ ಸೇನಾಧಿಕಾರಿ ಹಿಂಡೆನ್‌ಬರ್ಗ್. ಎಸ್‌ಪಿಡಿ ಬೆಂಬಲಿಸಿದ ವಿಲ್ಹೆಲ್ಮ್ ಮಾರ್ಕ್ಸ್ (ಆ ಕಾರ್ಲ್ ಮಾರ್ಕ್ಸ್ ಅಲ್ಲ!) ಸುಮಾರು 9 ಲಕ್ಷ ಮತಗಳಿಂದ ಸೋತ. ಟೇಲ್ಮನ್‌ಗೆ ಬಿದ್ದಿದ್ದು ಸುಮಾರು 19 ಲಕ್ಷ. ಎಂಟು ವರ್ಷ ಆದ್ಮೇಲೆ ಹಿಟ್ಲರ್‌ನನ್ನು ಚಾನ್ಸಲರ್ ಮಾಡಿದ್ದು ಇದೇ ಹಿಂಡೆನ್‌ಬರ್ಗ್.

ಜಗಳ ಬೆಳೆಯುತ್ತಲೇ ಹೋಯಿತು. 1929ರ ಮೇ ದಿನ ಬರ್ಲಿನ್‌ನಲ್ಲಿ ಎಸ್‌ಪಿಡಿಯವನೇ ಮುಖ್ಯಸ್ಥನಾಗಿದ್ದ ಪೊಲೀಸರು ಗುಂಡು ಹಾರಿಸಿದರು, ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಮಾಸ್ಕೋದಿಂದ ಬಂದ ಆದೇಶದಂತೆ ಟೇಲ್ಮನ್ ಎಸ್‌ಪಿಡಿಯವರನ್ನೇ ಸೋಷಿಯಲ್ ಫ್ಯಾಸಿಸ್ಟರು ಅಂತ ಕರೆದ. ಎಸ್‌ಪಿಡಿ ನಾಯಕರೂ ಕಮ್ಯುನಿಸ್ಟರನ್ನು ನಾಜಿಗಳ ಜೊತೆ ಒಂದೇ ತಕ್ಕಡಿಗೆ ಹಾಕ್ತಿದ್ರು. 1931ರಲ್ಲಂತೂ ಪ್ರಷ್ಯಾದ ಎಸ್‌ಪಿಡಿ ಸರ್ಕಾರ ಬೀಳಿಸೋ ಜನಮತಗಣನೆಯಲ್ಲಿ ಕೆಪಿಡಿ ನಾಜಿಗಳ ಜೊತೆಗೇ ನಿಂತಿತು. ಅದು ಸೋತಿತು. ಆದರೆ ಹಿಟ್ಲರ್‌ಗೆ ಇದಕ್ಕಿಂತ ಒಳ್ಳೇ ಉಡುಗೊರೆ ಬೇಕಿತ್ತಾ ಅಂತ ನನಗನಿಸುತ್ತೆ.

ಈಗ ಲೆಕ್ಕ ನೋಡಿ. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ 196 ಸ್ಥಾನ. ಎಸ್‌ಪಿಡಿ 121, ಕೆಪಿಡಿ 100, ಎರಡೂ ಸೇರಿದರೆ 221. ಒಟ್ಟು 584ರಲ್ಲಿ ಅದು ಬಹುಮತ ಅಲ್ಲ ನಿಜ, ಆದರೆ ನಾಜಿಗಳಿಗಿಂತ ಜಾಸ್ತಿ. ಜೊತೆಗೆ ಕಾರ್ಖಾನೆ, ರೈಲು, ಬಂದರು ನಿಲ್ಲಿಸಬಲ್ಲ ಲಕ್ಷಾಂತರ ಕಾರ್ಮಿಕರು ಈ ಎರಡು ಪಕ್ಷಗಳಲ್ಲೇ ಇದ್ದರು.

1933ರ ಜನವರಿ 30ಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ. ಕೆಪಿಡಿ ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟಿತು. ವರ್ಷಗಟ್ಟಲೆ ಬೈಸಿಕೊಂಡ ಎಸ್‌ಪಿಡಿ ಬರಲಿಲ್ಲ. ಮಾರ್ಚ್ 3ಕ್ಕೆ ಟೇಲ್ಮನ್ ಬರ್ಲಿನ್‌ನಲ್ಲಿ ಸಿಕ್ಕಿಬಿದ್ದ. ಆಮೇಲೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಒಂಟಿ ಸೆರೆ. 1939ರಲ್ಲಿ ಸ್ಟಾಲಿನ್ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡ, ಟೇಲ್ಮನ್ ಜೈಲಿನಲ್ಲೇ ಉಳಿದ.

1944ರ ಆಗಸ್ಟ್‌ನಲ್ಲಿ ಅವನನ್ನು ಬುಖೆನ್‌ವಾಲ್ಡ್ ಶಿಬಿರಕ್ಕೆ ತಂದು ಗುಂಡಿಟ್ಟು ಕೊಂದರು. ಸಂಸತ್ತಿನಲ್ಲಿ ಎಸ್‌ಪಿಡಿ ನಾಯಕನಾಗಿದ್ದ ರುಡಾಲ್ಫ್ ಬ್ರೈಟ್‌ಶೈಡ್ ಕೂಡ ಅದೇ ಶಿಬಿರದ ಕೈದಿ. ಅದೇ ತಿಂಗಳು ಅಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಅವನು ಸತ್ತ. ಕೊಲೆ ಮುಚ್ಚಿಡೋಕೆ ನಾಜಿಗಳು ಟೇಲ್ಮನ್ ಕೂಡ ಬ್ರೈಟ್‌ಶೈಡ್ ಜೊತೆಗೇ ಬಾಂಬ್ ದಾಳಿಯಲ್ಲಿ ಸತ್ತ ಅಂತ ಸುದ್ದಿ ಕೊಟ್ಟರು.