ಹಾಲ್ಡೇನ್ ಮಹಾಶಯರೂ ನಮ್ಮ ಸಂಬಂಧಗಳೂ

ಜೆ. ಬಿ. ಎಸ್. ಹಾಲ್ಡೇನರು ಜನಿಸಿದ್ದು 1892ನೆಯ ಇಸವಿ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ದೇಹವಿಟ್ಟದ್ದು 1964ನೆಯ ಡಿಸೆಂಬರ್ 1ರಂದು, ಭುವನೇಶ್ವರದಲ್ಲಿ, ಭಾರತದ ಪ್ರಜೆಯಾಗಿ. ಇಂಥವರ ಚರಿತ್ರೆಯು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೃಹಸ್ಥರಿಗೆ ಹೇಗೆ ಸಂಬಂಧಪಟ್ಟುದೆಂದು ವಾಚಕರು ಕೇಳಬಹುದು. ಸಂಬಂಧವೆಂಬ ಮಾತಿನಲ್ಲಿಯೇ ಉತ್ತರವಿದೆ.

ತಂದೆ ಪ್ರಸಿದ್ಧ ಶರೀರಶಾಸ್ತ್ರಜ್ಞರು. ಮಗನಾದರೋ ವ್ಯಾಸಂಗ ಮಾಡಿದ್ದು ಗಣಿತವನ್ನೂ ಗ್ರೀಕ್ ಲ್ಯಾಟಿನ್‌ಗಳನ್ನೂ. ವಿಜ್ಞಾನದ ಪದವಿಯೇ ಅವರಿಗಿರಲಿಲ್ಲ. ತಂಗಿ ನವೋಮಿಯೊಡನೆಯೂ ಸ್ಪ್ರಂಟ್ ಎಂಬ ಗೆಳೆಯನೊಡನೆಯೂ ಇಲಿಗಳನ್ನು ಸಾಕಿ, ಎರಡು ಲಕ್ಷಣಗಳು ಜೊತೆಜೊತೆಯಾಗಿಯೇ ಸಂತತಿಗೆ ಇಳಿಯುವುದನ್ನು 1915ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸ್ಪ್ರಂಟ್ ಯುದ್ಧಕ್ಕೆ ಆಹುತಿಯಾದನು. ಹಾಲ್ಡೇನರೂ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡು ಚಿಕಿತ್ಸೆಗಾಗಿ ಭಾರತಕ್ಕೆ ಬಂದರು.

ಇಲಿಗಳಲ್ಲಿ ಕಂಡುದನ್ನು ಮನುಷ್ಯರಲ್ಲಿ ಕಾಣುವುದು ಸುಲಭವಲ್ಲ. ಮನುಷ್ಯರನ್ನು ಬೇಕೆಂದಂತೆ ಕೂಡಿಸಲಾಗದು. ಆದುದರಿಂದ ಅವರು ವಂಶವೃಕ್ಷಗಳನ್ನು ಹಿಡಿದರು. ರಕ್ತ ಹೆಪ್ಪುಗಟ್ಟದ ರೋಗ, ಬಣ್ಣಗುರುಡು, ಇವೆರಡೂ ಒಂದೇ ಮನೆತನದಲ್ಲಿ ಕಂಡುಬಂದ ಕುಟುಂಬಗಳ ಲೆಕ್ಕವನ್ನು ಜೂಲಿಯಾ ಬೆಲ್ ಎಂಬ ವಿದುಷಿಯೊಡನೆ ಕೂಡಿ ಹಾಕಿ, ಇವುಗಳ ಬೀಜಗಳು ಒಂದೇ ವರ್ಣತಂತುವಿನ ಮೇಲೆ ನೆರೆಹೊರೆಯಾಗಿವೆಯೆಂದು 1937ರಲ್ಲಿ ತೋರಿಸಿದರು. ನೂರಕ್ಕೆ ಸುಮಾರು 5 ಸಲ ಮಾತ್ರ ಅವು ಅಗಲುತ್ತವೆಂದು ಅವರ ಎಣಿಕೆ. ಮಾನವನ ಆನುವಂಶಿಕ ರೋಗಗಳ ಭೂಪಟದಲ್ಲಿ ಎರಡು ಊರುಗಳ ನಡುವಣ ದಾರಿ ಅಳೆಯಲ್ಪಟ್ಟುದು ಇದೇ ಮೊದಲು. ರಕ್ತರೋಗದ ಆ ಬೀಜವು 1984ರಲ್ಲಿ ಕೈಗೆ ಸಿಕ್ಕಿತು.

ಈ ರೋಗವು ತಾಯಿಯಲ್ಲಿ ಅಡಗಿ ಮಗನಲ್ಲಿ ಪ್ರಕಟವಾಗುತ್ತದೆ. ನಾವು ಗೋತ್ರವನ್ನು ತಂದೆಯ ಕಡೆಯಿಂದ ಎಣಿಸುತ್ತೇವೆ. ರೋಗವೋ ಗೋತ್ರ ಬದಲಾಯಿಸಿಕೊಂಡು ಬಂದ ಹೆಣ್ಣಿನೊಡನೆ ಪ್ರಯಾಣ ಮಾಡುತ್ತದೆ. ಜಾತಕದ ಹನ್ನೆರಡು ಮನೆಗಳನ್ನು ಸೋಸಿ ನೋಡುವ ಹಿರಿಯರು, ಸೋದರಮಾವನ ಮನೆಯಲ್ಲಿ ಎಳೆಯದರಲ್ಲೇ ಸತ್ತ ಗಂಡುಮಕ್ಕಳ ಸಂಗತಿಯನ್ನು ಬಾಯಿಬಿಡುವುದಿಲ್ಲ. ಕೊನೆಗೆ ಅಪವಾದವೆಲ್ಲ ಸೊಸೆಯ ತಲೆಗೆ.

ಸೋದರಮಾವನಿಗೇ ಹೆಣ್ಣು ಕೊಟ್ಟಲ್ಲಿ, ಮಗುವಿನ ಯಾವುದೇ ಬೀಜದ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 8ರಲ್ಲಿ 1. ಅತ್ತೆಯ ಮಕ್ಕಳಿಗೂ ಮಾವನ ಮಕ್ಕಳಿಗೂ ಮದುವೆಯಾದಲ್ಲಿ 16ರಲ್ಲಿ 1. ಒಂದೇ ಪ್ರತಿಯಿದ್ದಾಗ ಮಲಗಿರುವ ದೋಷಗಳು ಎರಡು ಸೇರಿದಾಗ ಎಚ್ಚರಗೊಳ್ಳುತ್ತವೆ. ಎಲ್ಲ ರೋಗಗಳೂ ಹೀಗಲ್ಲ: ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದು, ಬೆಳೆಯುವ ಎಲುಬು ಕೀಲುಗಳನ್ನು ಕೆಡಿಸುವ ವ್ಯಾಧಿಗೆ ತಂದೆತಾಯಿಗಳಲ್ಲಿ ಒಬ್ಬರ ಒಂದು ಪ್ರತಿಯೇ ಸಾಕು.

ಹಾಲ್ಡೇನರಲ್ಲಿ ಕುಂದಿಲ್ಲದಿರಲಿಲ್ಲ. ಸಾಮ್ಯವಾದದ ಮೋಹದಿಂದ, ರಷ್ಯಾದಲ್ಲಿ ಲೈಸೆಂಕೊ ಎಂಬವನು ಈ ಶಾಸ್ತ್ರವನ್ನೇ ತುಳಿದಾಗ ಆಡಬೇಕಾದಷ್ಟು ಗಟ್ಟಿಯಾಗಿ ಮಾತಾಡಲಿಲ್ಲ. ಪಂಡಿತನಿಗೆ ಅದು ಶೋಭಿಸದು. ಆದರೆ ಸೂಯೆಜ್ ಆಕ್ರಮಣವನ್ನು ಖಂಡಿಸಿ ಸ್ವದೇಶ ತೊರೆದು, 1957ರಲ್ಲಿ ಕಲಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ನಮ್ಮ ಉಡುಪನ್ನೂ ಸಸ್ಯಾಹಾರವನ್ನೂ ಸ್ವೀಕರಿಸಿದವರು ಅವರು. ಅವರ ಶಿಷ್ಯ ದ್ರೋಣಂರಾಜುಗಳು ಆಂಧ್ರದಲ್ಲಿ ರಕ್ತಸಂಬಂಧದ ಮದುವೆಗಳನ್ನು ಎಣಿಸಿ 1963ರಲ್ಲಿ ಫಲವನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಎಳೆಗೂಸುಗಳನ್ನು ಪರೀಕ್ಷಿಸಿದಾಗ, ತಂದೆತಾಯಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಂಧುಗಳೇ ಆಗಿದ್ದರು.

ಹಾಲ್ಡೇನರ ದೇಹವು ಅವರ ಇಚ್ಛೆಯಂತೆ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ, ಸೇರಿತು.